ಇಳಕಲ್ ಸೀರೆಯ ಫ್ಯಾಷನ್ ಪುಟಗಳು: ಲೇಔಟ್‌ನಲ್ಲಿ ಪ್ರಯೋಗ ಮಾಡಿದವರು ಅನುಭವ ಹೇಳಿ

ಹೊಸಪುಟ: ಇಳಕಲ್ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಇಟ್ಟುಕೊಂಡು 8 ಪುಟದ ಫೀಚರ್. ಎ4, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು), 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್. ಮಾಮೂಲಿ ಮೂರು ಕಾಲಂ ನೋಡಿ ನೋಡಿ ಸಾಕಾಗಿದೆ. ಒಂದೇ ಚಿತ್ರವನ್ನು ಎರಡೂ ಪುಟಕ್ಕೆ ಹರಡಿ, ಮೇಲೆ ದೊಡ್ಡ ಶೀರ್ಷಿಕೆ ಕೂರಿಸಿದರೆ ಹೇಗೆ?

ಆಫ್‌ಸೆಟ್_ಅಣ್ಣ: ನಡುಮಡಿಕೆಯಲ್ಲಿ ಮುಖ ಇಡಬಾರದು ಅಂತ ಎಲ್ಲರಿಗೂ ಗೊತ್ತು. 96 ಪುಟದ ನಮ್ಮ ಸಂಚಿಕೆಯಲ್ಲಿ ಮುಖ ತಪ್ಪಿತು, ಸೆರಗಿನ ತೋಪ್ ತೆನಿ ವಿನ್ಯಾಸ ಸಿಕ್ಕಿಕೊಂಡಿತು. ಒಂದೊಂದು ಕಡೆ 6 ಮಿ.ಮೀ. ಒಳಗೆ ಹೋಗಿ, ತೆನೆಗಳು ಮೊಂಡಾದವು. ಪುಟಕ್ಕೊಂದರಂತೆ ಎರಡು ಫ್ರೇಮ್ ಮಾಡಿ ಎರಡರಲ್ಲೂ ಅದೇ ಚಿತ್ರ ಇಟ್ಟು, ಎಡ ಫ್ರೇಮಿನೊಳಗಿನ ಚಿತ್ರವನ್ನು 5 ಮಿ.ಮೀ. ಎಡಕ್ಕೆ, ಬಲದ್ದನ್ನು 5 ಮಿ.ಮೀ. ಬಲಕ್ಕೆ ಸರಿಸಬೇಕು. ನಡುವಿನ 10 ಮಿ.ಮೀ. ಎರಡೂ ಪುಟದಲ್ಲಿ ಬರುತ್ತದೆ, ಮಡಿಕೆ ಅದನ್ನು ನುಂಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಬಣ್ಣದ್ದು. ಎಡಪುಟ ಒಂದು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು), ಬಲಪುಟ ಇನ್ನೊಂದು ಫಾರಂ. ಒಂದೇ ಸೀರೆ, ಎರಡು ಕೆಂಪು. 16 ಪುಟದ ಫಾರಂ ಆದರೆ 8–9, 24–25, 40–41 ಹೀಗೆ ಪ್ರತಿ ಫಾರಂನ ನಟ್ಟನಡುವಿನ ಜೋಡಿ ಮಾತ್ರ ಒಂದೇ ಹಾಳೆಯ ಅಕ್ಕಪಕ್ಕ. ಹರಡುವ ಚಿತ್ರ ಅಲ್ಲಿಗೇ ಬರಲಿ. ತಡವಾಗಿ ಗೊತ್ತಾದದ್ದಕ್ಕೆ ಹಾಳೆಯ ಎರಡೂ ಬದಿಯ 8 ಪ್ಲೇಟ್ (ಬದಿಗೆ ನಾಲ್ಕು ಬಣ್ಣ) ಮತ್ತೆ ಹಾಕಿಸಬೇಕಾಯಿತು. ಕಾಗದದ ಲೆಕ್ಕ ಕೇಳಲೇಬೇಡಿ.

ಬಿಳಿಜಾಗ: ಪ್ಲೇಟಿನ ಲೆಕ್ಕ ಆಮೇಲೆ, ಮೊದಲು ಪುಟ ಉಸಿರಾಡಲಿ. 1934ರಿಂದ 1958ರವರೆಗೆ ಹಾರ್ಪರ್ಸ್ ಬಜಾರ್‌ನ ಕಲಾನಿರ್ದೇಶಕನಾಗಿದ್ದ ಅಲೆಕ್ಸಿ ಬ್ರೊಡೊವಿಚ್ ಖಾಲಿ ಜಾಗವನ್ನೇ ವಿನ್ಯಾಸ ಮಾಡಿಕೊಂಡ. ನಮ್ಮ 8 ಪುಟದಲ್ಲಿ ಹತ್ತಿರ ಹತ್ತಿರ ಎರಡು ಪುಟದಷ್ಟು ಖಾಲಿ ಬಿಟ್ಟೆವು, ಜಾಹೀರಾತಿನವರು ಎಷ್ಟು ಕೂಗಾಡಿದರೂ ಬಿಡಲಿಲ್ಲ. 12 ಕಾಲಂ ಗ್ರಿಡ್, ಬೇಸ್‌ಲೈನ್ (ಸಾಲಿನಿಂದ ಸಾಲಿಗೆ) 16 ಪಾಯಿಂಟ್, ಅಕ್ಷರ 10.5. ಇಂಗ್ಲಿಷ್ ಪತ್ರಿಕೆ ನೋಡಿ 13ರ ಸಾಲಂತರ ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಶೀರ್ಷಿಕೆಗೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ) ಸೊನ್ನೆ. ಹಿಗ್ಗಿಸಿದರೆ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಡ್ರಾಪ್ ಕ್ಯಾಪ್ (ಲೇಖನದ ಮೊದಲ ದೊಡ್ಡಕ್ಷರ) ಬೇಕೇಬೇಕಾದರೆ ಒತ್ತಿಲ್ಲದ ಅಕ್ಷರದಿಂದ ಲೇಖನ ಶುರುವಾಗಲಿ. ‘ಸ್ತ್ರೀ’ ಇಟ್ಟರೆ ಕೆಳಗಿನ ಎರಡು ಸಾಲು ಹೋಯಿತು.

ಹಳೇನುಡಿ: ಈ ತಾಪತ್ರಯವೆಲ್ಲ ಯೂನಿಕೋಡ್ ಮಾಡಿಕೊಂಡದ್ದು. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಒತ್ತನ್ನು ಬೇಕಾದಲ್ಲಿಗೆ ಕೈಯಾರೆ ಎಳೆದು ಕೂರಿಸಬಹುದು, ಶೀರ್ಷಿಕೆಗೆ ಅದೇ ಸರಿ.

ಬಿಳಿಜಾಗ: ಎಳೆದು ಕೂರಿಸಿ ಸ್ವಾಮಿ. ನಾಳೆ ಅದೇ ಶೀರ್ಷಿಕೆ ವೆಬ್‌ಗೆ ಹಾಕುವಾಗ ಬರೇ ರೋಮನ್ ಕಸ ಬರುತ್ತದೆ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ಸಾಲು ಜೋಡಿಸುವ ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸದೆಯೇ ಯೂನಿಕೋಡ್ ಕೆಟ್ಟದ್ದು ಅನ್ನುವವರೇ ಜಾಸ್ತಿ.

ಹುಬ್ಬಳ್ಳಿ_ಮಸಿ: ನಿಮ್ಮ ಫಾಂಟಿನ ಜಗಳ ಬ್ಯಾಡ್ರಿ, ಖಣದ ವಿಷಯ ಯಾರೂ ಮಾತಾಡವಲ್ರಿ. ಖಣದ ಸಣ್ಣ ನೇಯ್ಗಿ ಅಚ್ಚಿನ ಸ್ಕ್ರೀನ್ ಚುಕ್ಕಿಗೆ ತಾಕಿ ಮೊಯರೆ ಬಂದ್ರ ಬಟ್ಟಿ ಮ್ಯಾಲೆ ನೀರಿನ ಅಲಿ ಕಂಡಂಗ ಕಾಣ್ತದ. ಫೋಟೋ ಅಚ್ಚಿನ ಅಳತಿಗೆ 300 ಡಿಪಿಐ ಒಂದೇ ಸಲ ಇಳಸ್ರಿ, ಲೇಔಟ್ ಒಳಗ ಮತ್ತ 62 ಪರ್ಸೆಂಟ್‌ಗೆ ಕುಗ್ಗಸಬ್ಯಾಡ್ರಿ. 100 ಪರ್ಸೆಂಟ್ ಝೂಮಿನ್ಯಾಗ ನೋಡ್ರಿ, ಫಿಟ್ ಪೇಜ್ ಸುಳ್ಳು ಹೇಳ್ತದ. ಪ್ರೂಫ್ ಡಿಜಿಟಲ್ ಆದ್ರ ಆಫ್‌ಸೆಟ್ ಚುಕ್ಕಿ ಅದರಾಗ ಕಾಣೂದೇ ಇಲ್ಲ. ಆ ಒಂದು ಮಾತು ಪ್ರೆಸ್‌ನವರು ಹೇಳಿದ್ರ ನಮ್ಮ 3,000 ಪ್ರತಿ ಉಳೀತಿದ್ವು.

ಆಫ್‌ಸೆಟ್_ಅಣ್ಣ: ಡಿಸೈನರ್ ಕೊಟ್ಟ ಪಿಡಿಎಫ್ ಪ್ರೆಸ್‌ನವರು ಓದಿ ತಿದ್ದಬೇಕಾ? ಕಪ್ಪು ಹಿನ್ನೆಲೆಗೆ ನಾಲ್ಕೂ ಬಣ್ಣ 100 ಕೊಟ್ಟು, ಅದರ ಮೇಲೆ 8 ಪಾಯಿಂಟ್ ಬಿಳಿ ಕನ್ನಡ ಕಳಿಸುವವರೂ ನೀವೇ. ಒಟ್ಟು ಮಸಿ 300 ಪರ್ಸೆಂಟ್ ದಾಟಿದರೆ ಒಣಗುವುದಿಲ್ಲ, ಎದುರು ಪುಟಕ್ಕೆ ಹತ್ತುತ್ತದೆ. ಬಣ್ಣ ಕೂದಲೆಳೆಯಷ್ಟು ಸರಿದರೆ ಒತ್ತಕ್ಷರದ ಒಳಗಿನ ಬಿಳಿ ತುಂಬಿಹೋಗುತ್ತದೆ.

ಹುಬ್ಬಳ್ಳಿ_ಮಸಿ: ನಾ ಕಪ್ಪಿಗೆ 60-40-40-100 ಕೊಟ್ಟಿದ್ದೆ, ಒಟ್ಟು 240. ಲೆಕ್ಕಾ ನಿಮಗ ಬರ್ತದೋ ಇಲ್ಲೋ?

ಹೊಸಪುಟ: ಅಣ್ಣ, ನಮ್ಮ ಫೀಚರ್ ಶುರುವಾಗುವುದು 33ನೇ ಪುಟದಿಂದ. ಆ ಲೆಕ್ಕದಲ್ಲಿ 40–41ರಲ್ಲಿ ಎಡಪುಟ ಮಾತ್ರ ನಮ್ಮದು. ಒಂದು ಪುಟ ಮುಂದಕ್ಕೆ, 34ರಿಂದ ಶುರು ಮಾಡಿಸಿದರೆ?

ಹಳೇನುಡಿ: ವೆಬ್‌ಗೆ ರೋಮನ್ ಕಸ ಅಂದಿರಲ್ಲ, ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕ ಅಂತ ಒಂದು ಇದೆ. ಬಳಸಿದ್ದೀರಾ?

ಬಿಳಿಜಾಗ: ಬಳಸಿದ್ದೇವೆ. ಅರ್ಕಾವತ್ತು ಒಂದೊಂದಾಗಿ ಕೈಯಲ್ಲಿ ತಿದ್ದಿದ್ದೇವೆ.