ಪದ ಬೇಕು: ಮ್ಯಾನೇಜ್‌ಮೆಂಟ್ ಅಕೌಂಟೆಂಟರ ಕೂಟಕ್ಕೆ ಕನ್ನಡ ಬೋರ್ಡು, ಗುರುವಾರದೊಳಗೆ

ಪೀಣ್ಯದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡಿಗೆ ಪದ ಬೇಕು. ಎಂಟಡಿ ಅಗಲ, ಮೂರಡಿ ಎತ್ತರ. ಗುರುವಾರ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ.

ನಾನು ಇಲ್ಲಿನ ಒಂದು ಮಷಿನ್ ಶಾಪಿನಲ್ಲಿ ದರ ಕಟ್ಟುವ ಕೆಲಸ ಮಾಡುತ್ತೇನೆ. ಓದಿದ್ದು ಸಿಎಂಎ, ಅಂದರೆ ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್. ಹಳಬರ ಬಾಯಲ್ಲಿ ಅದು ಇನ್ನೂ ಐಸಿಡಬ್ಲ್ಯುಎ. ನಮ್ಮಂಥ ಇಪ್ಪತ್ತೈದು ಜನ ಪ್ರತಿ ಶನಿವಾರ ಸಂಜೆ ಸೇರಿ ಓದುತ್ತೇವೆ. ಪರೀಕ್ಷೆ ಪಾಸಾದ ಮೇಲೂ ಈ ಕೆಲಸದಲ್ಲಿ ಓದು ಬಿಡುವ ಹಾಗಿಲ್ಲ. ತೆರಿಗೆ ಬದಲಾಗುತ್ತದೆ, ಕಂಪನಿ ಕಾನೂನು ಬದಲಾಗುತ್ತದೆ, ಲೆಕ್ಕ ಮಾಡುವ ಸಾಫ್ಟ್‌ವೇರ್ ಅಂತೂ ವರ್ಷ ವರ್ಷ ಬದಲಾಗುತ್ತದೆ. ಜೊತೆಗೆ ಹೊಸಬರಿಗೆ ಪಾಠ, ಕೆಲಸ ಹುಡುಕುವವರಿಗೆ ನೆರವು. ಈಗ ಒಂದು ಮಹಡಿ ಬಾಡಿಗೆಗೆ ಹಿಡಿದಿದ್ದೇವೆ. ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕಾನೂನಿನ ಮಾತು ಬಿಡಿ, ನಮ್ಮ ಶನಿವಾರದ ಮಾತೆಲ್ಲ ನಡೆಯುವುದು ಕನ್ನಡದಲ್ಲೇ. ಬೋರ್ಡೂ ಹಾಗೇ ಇರಲಿ ಅಂತ ನನ್ನ ಆಸೆ.

ಇಂಗ್ಲಿಷಿನಲ್ಲಿ ನಮ್ಮ ಹೆಸರು 'ಮ್ಯಾನೇಜ್‌ಮೆಂಟ್ ಅಕೌಂಟೆಂಟ್ಸ್ ಕಂಟಿನ್ಯೂಯಿಂಗ್ ಎಜುಕೇಶನ್ ಅಂಡ್ ಪ್ರೊಫೆಷನಲ್ ಕಮ್ಯುನಿಟಿ'. ಅಚ್ಚಿನ ಅಂಗಡಿಯವರು ಅದನ್ನು ಮೊಬೈಲಿನಲ್ಲಿ ಅನುವಾದ ಮಾಡಿ ನಮೂನೆ ಕೊಟ್ಟರು: "ನಿರ್ವಹಣಾ ಲೆಕ್ಕಿಗರ ಮುಂದುವರಿದ ಶಿಕ್ಷಣ ಮತ್ತು ವೃತ್ತಿಪರ ಸಮುದಾಯ". ಕಟ್ಟಡದ ವಾಚ್‌ಮನ್ ಅದನ್ನು ಬೆರಳಿಟ್ಟು ಓದಿ ಕೇಳಿದರು: "ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಲೆಕ್ಕ ಬರೆಯೋರಾ ಸಾರ್?" ಅವರ ತಪ್ಪೇನಿಲ್ಲ. ರಸ್ತೆ ನಿರ್ವಹಣೆ, ಕೆರೆ ನಿರ್ವಹಣೆ, ಲಿಫ್ಟ್ ನಿರ್ವಹಣೆ. ಅವರು ದಿನಾ ಕಾಣುವ ನಿರ್ವಹಣೆ ಅದೇ ಅಲ್ವಾ?

'ಕಾಸ್ಟ್ ಅಕೌಂಟೆಂಟ್' ಅಂತ ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಇನ್ನೂ ಕಷ್ಟ. ಪೀಣ್ಯದಲ್ಲಿ ಕಾಸ್ಟಿಂಗ್ ಅಂದರೆ ಎರಕ. ಊರ ಕಡೆ ಕಾಸ್ಟ್ ಅಂದರೆ ಜಾತಿ. ಅದರ ಪಕ್ಕ 'ಸಮುದಾಯ' ಕೂತರೆ ಜಾತಿ ಸಂಘದ ಬೋರ್ಡೇ ಆಗಿಬಿಡುತ್ತದೆ. 'ಮುಂದುವರಿದ' ಅಂದಾಗ ಜನಕ್ಕೆ ನೆನಪಾಗುವುದು ಮುಂದುವರಿದ ದೇಶ, ಇಲ್ಲವೇ ಧಾರಾವಾಹಿಯ ಮುಂದುವರಿದ ಭಾಗ. ದಯವಿಟ್ಟು ದಾರಿ ತೋರಿಸಿ.

ಮೈಸೂರಿನಿಂದ:

> ನಿರ್ವಹಣಾ ಲೆಕ್ಕಿಗರ

ಮೊದಲು ಆ ದೀರ್ಘ ತೆಗೆಯಿರಿ. ಸಂಸ್ಕೃತದಲ್ಲಿ ನಿರ್ವಹಣ ನಪುಂಸಕಲಿಂಗ. ಯೋಜನಾ, ರಚನಾ ನೋಡಿಕೊಂಡು ಯಾರೋ ಎಳೆದರು, ಎಲ್ಲರೂ ಎಳೆದರು. ದೀರ್ಘ ತೆಗೆದರೂ 'ನಿರ್ವಹಣ ಲೆಕ್ಕ' ಸರಿಯಾಗುವುದಿಲ್ಲ. ಅದು ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ರೂಢಿಗೆ ಬಂದ ಕೆಲವನ್ನು ಕೇಶಿರಾಜ ಒಪ್ಪಿದ್ದಾನೆ ನಿಜ, ಹಾಗಂತ ಮೊಬೈಲ್ ಕೊಟ್ಟಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ.

ಇನ್ನು ಯಾರಾದರೂ 'ಮುಂದುವರಿಕಾ ಶಿಕ್ಷಣ', 'ಕಲಿಕಾ ಕೇಂದ್ರ' ಅಂತ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಕಲಿಕೆ ಕನ್ನಡದ ಪದ. ಅದನ್ನು ಕಲಿಕಾ ಮಾಡುವುದು ತಪ್ಪು. ಶಿಕ್ಷಣ ಇಲಾಖೆಯವರು 'ಕಲಿಕಾ ಚೇತರಿಕೆ' ಅಂತ ಬರೆದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಲೆಕ್ಕ ಬಲ್ಲವನಿಗೆ ಸಂಸ್ಕೃತದಲ್ಲಿ ಒಳ್ಳೆಯ ಪದ ಇತ್ತು, ಗಣಕ. ಅದನ್ನು ಕಂಪ್ಯೂಟರಿಗೆ ಕೊಟ್ಟು ಕಳೆದುಕೊಂಡೆವು. ವಾಪಸ್ ತೆಗೆದುಕೊಳ್ಳಿ. 'ವ್ಯವಹಾರ ಗಣಕರ ಸಂಘ'.

ಧಾರವಾಡದಿಂದ:

ಕನ್ನಡ ಕೇಳಿದರೆ ಸಂಸ್ಕೃತ ಕೊಡುವುದು ಈ ಇಮೇಲ್ ಪಟ್ಟಿಯ ಹಳೇ ಚಾಳಿ. ಗಣಕ ಅಂದರೆ ಇವತ್ತು ಮಕ್ಕಳಿಗೂ ಕಂಪ್ಯೂಟರ್. ಅದನ್ನು ಬೋರ್ಡಿಗೆ ಹಾಕಿದರೆ ಟೈಪಿಂಗ್ ಕಲಿಯೋಕೆ ಬರುತ್ತಾರೆ.

ಲೆಕ್ಕವೂ ನಮ್ಮದಲ್ಲ. ಅಚ್ಚಗನ್ನಡದ ಪದ ಲಕಾರದಿಂದ ಶುರುವಾಗುವುದಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅದು 'ಲೇಖ'ದ ಕಡೆಯದು. ವೆಚ್ಚ 'ವ್ಯಯ'ದ ತದ್ಭವ. ನಮ್ಮದು ಎಣಿಕೆ. 'ಎಣಿಕೆ ಕಸುಬುಗಾರರ ಕಲಿಕೂಟ' ಅಂತ ಬರೆಸಿ. ಮೂರೇ ಪದ, ಅಕ್ಷರವೂ ದಪ್ಪ ಬರುತ್ತದೆ.

ಮಂಗಳೂರಿನಿಂದ:

ಎಣಿಕೆ ಅಂದರೆ ಮತ ಎಣಿಕೆ. ಕಸುಬು ಅರಬ್ಬಿ. ಮೂರರಲ್ಲಿ ಎರಡು ಹೋಯಿತು.

ಪೀಣ್ಯದವರಿಗೆ: 'ಲೆಕ್ಕಿಗ' ಪದ ಬಿಡಬೇಡಿ. ಶಾಸನಗಳಲ್ಲಿ ಸೇನಬೋವ ಅಂತ ಬರುತ್ತದಲ್ಲ, ಅದೇ ಮುಂದೆ ಶ್ಯಾನುಭೋಗ ಆಯಿತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆಯಿತು. ಆಮೇಲೆ ಬಂದವರು ಗ್ರಾಮ ಲೆಕ್ಕಿಗರು. ಇತ್ತೀಚೆಗೆ ಅವರ ಹೆಸರೂ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಆಗಿದೆ. ಅಂದರೆ ಲೆಕ್ಕಿಗ ಅನ್ನುವ ಪದ ಸದ್ಯ ಖಾಲಿ ಇದೆ. ನೀವು ತೆಗೆದುಕೊಳ್ಳಿ.

ಇನ್ನೊಂದು. ಇಂಗ್ಲಿಷಿನ 'ಟ್ಯಾಲಿ' ನಮ್ಮ 'ತಾಳೆ'ಯಿಂದ ಹೋದದ್ದು. ತಾಳೆ ನೋಡು, ತಾಳೆ ಹಾಕು. ಅರ್ಥವೂ ಒಂದೇ. ಇದನ್ನು ಯಾರೂ ಒಪ್ಪುತ್ತಿಲ್ಲ ಅನ್ನುವುದೇ ನನಗೆ ಬೇಜಾರು.

ನ್ಯೂಜೆರ್ಸಿಯಿಂದ:

ಟ್ಯಾಲಿ ಲ್ಯಾಟಿನ್ನಿನ 'ತಾಲಿಯ'ದಿಂದ ಬಂದದ್ದು. ಅರ್ಥ ಕಡ್ಡಿ, ಕೋಲು. ಕೋಲಿನ ಮೇಲೆ ಗೀರು ಹಾಕಿ ಲೆಕ್ಕ ಇಡುತ್ತಿದ್ದರು. ಲಂಡನ್ನಿನ ಖಜಾನೆಯಲ್ಲಿ ಅಂಥ ಹಳೇ ಕೋಲುಗಳ ರಾಶಿಯೇ ಇತ್ತು. 1834ರಲ್ಲಿ ಅವನ್ನು ಒಲೆಗೆ ಹಾಕಿ ಸುಡಲು ಹೋಗಿಯೇ ಅಲ್ಲಿನ ಪಾರ್ಲಿಮೆಂಟಿಗೆ ಬೆಂಕಿ ಬಿದ್ದದ್ದು. ತಾಳೆಗೂ ಅದಕ್ಕೂ ಸಂಬಂಧ ಇಲ್ಲ.

ನಾನು ಇಲ್ಲಿನ, ಅಂದರೆ ಅಮೆರಿಕದ, ಸಿಎಂಎ. ಪೀಣ್ಯದವರು ಮಾಡಿದ್ದು ಕೋಲ್ಕತ್ತದ ಸಂಸ್ಥೆಯದು ಅನಿಸುತ್ತದೆ. ಎರಡೂ ಸಿಎಂಎ, ಎರಡೂ ಬೇರೆ. ನಮ್ಮ ಸಂಸ್ಥೆ 1919ರಲ್ಲಿ ಬಫಲೋ ನಗರದಲ್ಲಿ ಹುಟ್ಟಿದಾಗ ಅದರ ಹೆಸರಲ್ಲಿ ಇದ್ದದ್ದು 'ಕಾಸ್ಟ್ ಅಕೌಂಟೆಂಟ್ಸ್'. 1957ರಲ್ಲಿ ಬರೀ 'ಅಕೌಂಟೆಂಟ್ಸ್' ಆಯಿತು. 'ಮ್ಯಾನೇಜ್‌ಮೆಂಟ್ ಅಕೌಂಟೆಂಟ್ಸ್' ಬಂದದ್ದು 1991ರಲ್ಲಿ. ಇಂಗ್ಲಿಷಿಗೇ ಈ ಹೆಸರು ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ನೀವು ಗುರುವಾರದೊಳಗೆ ಹುಡುಕುತ್ತಿದ್ದೀರಿ.

'ಕಂಟಿನ್ಯೂಯಿಂಗ್' ಬಗ್ಗೆ ಒಂದು ಮಾತು. ಇಲ್ಲಿ ಸರ್ಟಿಫಿಕೇಟು ಉಳಿಯಬೇಕಾದರೆ ವರ್ಷಕ್ಕೆ 30 ಗಂಟೆ ಓದಬೇಕು. ಅದರಲ್ಲಿ 2 ಗಂಟೆ ನೀತಿಯ ಪಾಠ. ಪ್ರತಿ ವರ್ಷ, ಕೆಲಸದಲ್ಲಿ ಇರುವಷ್ಟು ದಿನವೂ. ಅಲ್ಲಿನ ಅರ್ಥ 'ಮುಂದಕ್ಕೆ ಹೋಗುವುದು' ಅಲ್ಲ, 'ಬಿಡದೆ ಇರುವುದು'. ಕನ್ನಡದಲ್ಲಿ 'ಕಲಿಕೆ' ಅಂದರೇ ಸಾಕು ಅಂತ ನನಗೆ ಅನಿಸುತ್ತದೆ. ಶಿಕ್ಷಣಕ್ಕೆ ಕೊನೆ ಇದೆ, ಕಲಿಕೆಗೆ ಇಲ್ಲ.

ಪೀಣ್ಯದಿಂದ:

ಎಲ್ಲರಿಗೂ ಧನ್ಯವಾದ. ನಮ್ಮದು ಕೋಲ್ಕತ್ತದ ಸಂಸ್ಥೆಯದೇ. 1944ರಲ್ಲಿ ಶುರುವಾದದ್ದು, 1959ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಹೆಸರಲ್ಲಿ 'ಕಾಸ್ಟ್ ಅಂಡ್ ವರ್ಕ್ಸ್' ಅಂತ ಇತ್ತು. 2012ರಲ್ಲಿ 'ವರ್ಕ್ಸ್' ಬಿಟ್ಟುಹೋಯಿತು. ಆ 'ವರ್ಕ್ಸ್' ಅಂದರೆ ಕಾರ್ಖಾನೆ, ಭದ್ರಾವತಿಯ ಐರನ್ ವರ್ಕ್ಸ್ ಅಂತೇವಲ್ಲ, ಹಾಗೆ. ಒಂದು ಕಡೆ ಅದನ್ನು 'ಕಾಮಗಾರಿ ಲೆಕ್ಕಿಗರು' ಅಂತ ಅನುವಾದ ಮಾಡಿದ್ದು ನೋಡಿದ್ದೇನೆ. ಓದಿದವರು ರಸ್ತೆ ಕಂಟ್ರಾಕ್ಟು ಅಂದುಕೊಳ್ಳುತ್ತಾರೆ.

ನಮ್ಮ ಕೆಲಸ ಏನು ಅಂತ ಒಂದು ಸಲ ಹೇಳಿದರೆ ಪದ ಹುಡುಕಲು ಸುಲಭ ಆಗಬಹುದು. ಹೋದ ತಿಂಗಳು ಒಬ್ಬ ಗಿರಾಕಿ 10,000 ಬುಷ್ (ಯಂತ್ರದ ತೂತಿಗೆ ಕೂರಿಸುವ ಚಿಕ್ಕ ಕೊಳವೆ) ಕೇಳಿದರು, ಒಂದಕ್ಕೆ 42 ರೂಪಾಯಿ ಕೊಡುತ್ತೇವೆ ಅಂದರು. ಒಂದು ಬುಷ್‌ಗೆ ಕಬ್ಬಿಣ 28, ಕೂಲಿ ಮತ್ತು ಕರೆಂಟು 9. ಅದರ ಮೇಲೆ ಶೆಡ್ಡಿನ ಬಾಡಿಗೆ, ಆಫೀಸಿನ ಸಂಬಳ, ಮಷಿನಿನ ಸವಕಳಿ ಹಂಚಿದರೆ ಇನ್ನೊಂದು 8. ಒಟ್ಟು 45. ಯಜಮಾನರು ನೋಡಿದರು, ಒಂದಕ್ಕೆ 3 ರೂಪಾಯಿ ಲಾಸು, ಬೇಡ ಅಂದರು. ಆದರೆ ಆ ತಿಂಗಳು ಎರಡು ಮಷಿನು ಸುಮ್ನೆ ನಿಂತಿದ್ದವು. ಆರ್ಡರ್ ಬಿಟ್ಟರೂ ಬಾಡಿಗೆ ನಿಲ್ಲುವುದಿಲ್ಲ, ಸಂಬಳ ನಿಲ್ಲುವುದಿಲ್ಲ. ಆರ್ಡರ್ ತಗೊಂಡರೆ ಹೆಚ್ಚಿಗೆ ಬೀಳುವುದು ಬರೀ 37. ಒಂದಕ್ಕೆ 5 ರೂಪಾಯಿ ಉಳಿಯುತ್ತದೆ. ಒಟ್ಟು 50,000. ಇದನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಟ್ಟೆ. ಆರ್ಡರ್ ತಗೊಂಡರು. ಇದೇ ನಮ್ಮ ಕೆಲಸ. ಬ್ಯಾಂಕಿಗೆ, ತೆರಿಗೆಯವರಿಗೆ ತೋರಿಸುವ ಲೆಕ್ಕ ಬೇರೆ. ಇದು ಯಜಮಾನರು ತೀರ್ಮಾನ ಮಾಡಲು ಬೇಕಾದ ಲೆಕ್ಕ.

ನನಗೆ ಈ ಪದಗಳ ಬಗ್ಗೆ ಇಷ್ಟು ಆಸ್ಥೆ ಯಾಕೆ ಅಂದರೆ, ತುಮಕೂರು ಕಡೆಯ ಒಬ್ಬ ಹುಡುಗಿ ನಮ್ಮಲ್ಲಿ ಓದುತ್ತಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. 'ಬ್ರೇಕ್ ಈವನ್' ಪಾಠ ಮೂರು ವಾರ ಬಾಯಿಪಾಠ ಮಾಡಿ ಮೂರು ವಾರವೂ ತಪ್ಪು ಮಾಡಿದಳು. ಒಂದು ದಿನ ನಮ್ಮ ಹಿರಿಯರೊಬ್ಬರು, "ನಿಮ್ಮೂರ ಸಂತೆಯಲ್ಲಿ ಟೊಮೆಟೊ ಮಾರುವವರು ಅಸಲೂ ಗಿಟ್ಟಲಿಲ್ಲ ಅಂತಾರಲ್ಲ, ಆ ಅಸಲು ಗಿಟ್ಟುವ ಜಾಗ ಇದು" ಅಂದರು. ಅವಳು ಪೆನ್ನು ಕೆಳಗಿಟ್ಟು, "ಇಷ್ಟೇನಾ?" ಅಂದಳು. ಮತ್ತೆ ಆ ಲೆಕ್ಕ ತಪ್ಪಿಲ್ಲ. ಕೆಲಸದ ಮಾತೆಲ್ಲ ನಮ್ಮ ಸಂತೆಯಲ್ಲೇ ಇದೆ. ಹೆಸರು ಮಾತ್ರ ಇಲ್ಲ.

ಹಾಗಾಗಿ ಹೀಗೆ ಯೋಚಿಸಿದೆ: ತೆರಿಗೆಯವರದು ಹೊರಲೆಕ್ಕ, ನಮ್ಮದು 'ಒಳಲೆಕ್ಕ'. ನಾವು ಒಳಲೆಕ್ಕಿಗರು. ಹೇಗಿದೆ?

ಚಿಕ್ಕಪೇಟೆಯಿಂದ:

ಬೇಡವೇ ಬೇಡ. ಪೇಟೆಯಲ್ಲಿ ಒಳಲೆಕ್ಕ ಅಂದರೆ ಎರಡನೇ ನಂಬರ್ ಪುಸ್ತಕ. ಆ ಬೋರ್ಡು ನೋಡಿ ಮೊದಲು ಮೆಟ್ಟಿಲು ಹತ್ತುವವರು ತೆರಿಗೆ ಅಧಿಕಾರಿಗಳು.

ಧಾರವಾಡದಿಂದ:

ಒಳಲೆಕ್ಕ ಒಳ್ಳೆಯ ಪದ. ಕಳ್ಳರು ಬಳಸುತ್ತಾರೆ ಅಂತ ಪದ ಬಿಟ್ಟುಕೊಡುವುದು ಯಾವ ನ್ಯಾಯ?

ತುಮಕೂರಿನ ಹುಡುಗಿಯ ಮಾತು ನಾನು ಹೇಳುವುದನ್ನೇ ಹೇಳುತ್ತದೆ. ಸಾಲದ ಪದ ಬಾಯಿಪಾಠಕ್ಕೆ, ನಮ್ಮ ಪದ ತಿಳಿವಳಿಕೆಗೆ. ನಿರ್ವಹಣೆ ಬೇಡವಾದರೆ 'ನಿಭಾಯಿಸು' ಇದೆ, ಜನರ ಬಾಯಲ್ಲಿರುವ ಪದ. 'ನಿಭಾವಣೆ ಲೆಕ್ಕ' ಅನ್ನಿ.

ಮೈಸೂರಿನಿಂದ:

ನಿಭಾಯಿಸು ಹಿಂದಿಯ ನಿಭಾನಾ. ನಿಭಾನಾ ಸಂಸ್ಕೃತದ ನಿರ್ವಹ. ನೀವು ಹಿತ್ತಲಿಂದ ಕರೆತಂದದ್ದು ನಾನು ಮುಂಬಾಗಿಲಲ್ಲಿ ನಿಲ್ಲಿಸಿದ್ದ ಪದವನ್ನೇ.

ಆ ಹುಡುಗಿಗೆ ತಿಳಿದ 'ಅಸಲು' ಅರಬ್ಬಿ. ಜಮಾ, ಬಾಕಿ, ವಸೂಲಿ ಅರಬ್ಬಿ. ಖರ್ಚು, ರಸೀದಿ ಫಾರಸಿ. ಇವಿಷ್ಟನ್ನೂ ಬಿಟ್ಟು ಧಾರವಾಡದವರು ಒಂದು ದಿನ ಕಿರಾಣಿ ಅಂಗಡಿ ನಡೆಸಿ ತೋರಿಸಲಿ. ಇಂಗ್ಲಿಷಿನವರ 'ಅಕೌಂಟ್' ಕೂಡ ಫ್ರೆಂಚಿನಿಂದ ಬಂದದ್ದು, ಮೂಲ ಲ್ಯಾಟಿನ್. ಕಂಪ್ಯೂಟರಿನ ಮೂಲವೂ ಅದೇ. 'ಮ್ಯಾನೇಜ್' ಇಟಲಿಯ ಕುದುರೆ ಪಳಗಿಸುವವರ ಮಾತು. ಅವರು ಸಾಲ ತಂದದ್ದಕ್ಕೆ ನಾಚಿಕೊಂಡಿಲ್ಲ.

ಧಾರವಾಡದಿಂದ:

ಅರಬ್ಬಿ ಪದ ಸಂತೆಯಿಂದ ಬಂತು, ಬಾಯಿಂದ ಬಾಯಿಗೆ, ನೂರಾರು ವರ್ಷದಲ್ಲಿ. ನಿಮ್ಮ ವ್ಯವಹಾರ ಗಣಕ ಕಮಿಟಿಯಿಂದ ಬರುತ್ತಿದೆ, ಒಂದು ವಾರದಲ್ಲಿ. ಎರಡನ್ನೂ ಒಂದೇ ಸಾಲ ಅನ್ನಬೇಡಿ. ಇನ್ನು ಈ ಎಳೆಯಲ್ಲಿ ನಾನು ಬರೆಯುವುದಿಲ್ಲ.

ಪೀಣ್ಯದಿಂದ:

ಧಾರವಾಡದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೊನೆಯ ಮಾತೇ ನನಗೆ ದಾರಿ ತೋರಿಸಿತು. ಬಾಯಲ್ಲಿ ಇರುವುದನ್ನು ಬರೆಯುತ್ತೇನೆ. ಸರ್ಟಿಫಿಕೇಟಿನ ಹೆಸರನ್ನು ಎಲ್ಲರೂ ಇಂಗ್ಲಿಷಿನಲ್ಲೇ ಹೇಳುತ್ತಾರೆ, ಅದು ಹಾಗೇ ಇರಲಿ. ನಾವು ಸೇರಿ ಮಾಡುವ ಕೆಲಸಕ್ಕೆ ಮಾತ್ರ ನಮ್ಮ ಪದಗಳೇ ಬೇಕು. ಓದುವುದು, ಕೂಡುವುದು, ಒಬ್ಬರಿಗೊಬ್ಬರು ಆಗುವುದು, ಇವಕ್ಕೆ ಸಾಲ ಬೇಕಾಗಿಲ್ಲ. 'ಸಮುದಾಯ' ಬಿಟ್ಟು 'ಬಳಗ' ಹಿಡಿದೆ. ಬಳಗ ಅಂದರೆ ನೆಂಟರೂ ಹೌದು, ಗೆಳೆಯರೂ ಹೌದು. ನಮ್ಮಲ್ಲಿ ಕೆಲಸ ಹೋದವರ ಮನೆ ಬಾಡಿಗೆ ಎರಡು ತಿಂಗಳು ಉಳಿದವರು ಸೇರಿ ಕಟ್ಟಿದ್ದಿದೆ. ಅದಕ್ಕೆ 'ವೃತ್ತಿಪರ ಸಮುದಾಯ' ಅನ್ನಲು ನನಗೆ ಮನಸ್ಸು ಬರುವುದಿಲ್ಲ. 'ಕಲಿಕೆ' ನ್ಯೂಜೆರ್ಸಿಯವರು ಕೊಟ್ಟದ್ದು. ಮೈಸೂರಿನವರ ಮಾತಿನಂತೆ 'ಕಲಿಕಾ' ಮಾಡಿಲ್ಲ. 'ಲೆಕ್ಕಿಗ' ಕೆಳಗಿನ ಸಾಲಿನಲ್ಲಿ ಬರುತ್ತದೆ, ಮಂಗಳೂರಿನವರಿಗೆ ನಮಸ್ಕಾರ.

ದೊಡ್ಡ ಅಕ್ಷರದಲ್ಲಿ:
ಮ್ಯಾನೇಜ್‌ಮೆಂಟ್ ಅಕೌಂಟೆಂಟರ ಕಲಿಕೆ ಬಳಗ

ಅದರ ಕೆಳಗೆ:
ಅಸಲು, ವೆಚ್ಚ, ದರ, ಬಜೆಟ್ ಲೆಕ್ಕಿಗರ ಶನಿವಾರದ ಓದು

ಸಂಜೆ ವಾಚ್‌ಮನ್ ಹತ್ತಿರ ಓದಿಸಿದೆ. ಮೇಲಿನ ಸಾಲು ಬೇಗ ಓದಿದರು, ಕೆಳಗಿನದನ್ನು ಎರಡು ಸಲ ಓದಿದರು. "ಅಸಲು ಲೆಕ್ಕ ಹೇಳಿಕೊಡ್ತೀರಾ? ನಮ್ಮ ಭಾವನ ಮಗ ತರಕಾರಿ ಗಾಡಿ ಇಟ್ಟಿದಾನೆ, ಕಳಿಸಲಾ?" ಅಂದರು. ಬರಲಿ ಅಂದೆ.

ಒಂದು ಅನುಮಾನ ಉಳಿದಿದೆ. ಅಂಗಡಿಯವರು 'ಅಕೌಂಟೆಂಟ್‌ಗಳ' ಅಂತ ತಿದ್ದಿ ಕಳಿಸಿದ್ದಾರೆ. 'ಅಕೌಂಟೆಂಟರ' ಸರಿ ತಾನೆ? ಬೆಳಗ್ಗೆ ಒಂಬತ್ತಕ್ಕೆ ಅಚ್ಚು.

ಮೈಸೂರಿನಿಂದ:

ಅಕೌಂಟೆಂಟರ. ಏಜೆಂಟರು ಅಂತೇವೆ, ಏಜೆಂಟ್‌ಗಳು ಅನ್ನುವುದಿಲ್ಲ. ಸಾಮಾನ್ಯವಾಗಿ ಮನುಷ್ಯರಿಗೆ ರು, ವಸ್ತುವಿಗೆ ಗಳು. ತಿದ್ದಿಸಿ.