‘ಅವಾಸ್ಟ್’ ಎಂಬ ಪದಕ್ಕೆ ‘ನಿಲ್ಲಿಸು’ ಎಂಬ ಅರ್ಥ ಬಂದದ್ದು ಹೇಗೆ?

ಪ್ರಶ್ನೆ:
ಹಾಯಿಹಡಗುಗಳ ಕಾಲದ ಇಂಗ್ಲಿಷ್ ಕಥೆಯೊಂದನ್ನು ಅನುವಾದಿಸುತ್ತಿದ್ದೇನೆ. ಅದರಲ್ಲಿ ನಾವಿಕರು ಕೆಲಸವನ್ನೋ ಮಾತನ್ನೋ ತಡೆಯಬೇಕಾದಾಗಲೆಲ್ಲ ‘ಅವಾಸ್ಟ್’ ಎಂದು ಕೂಗುತ್ತಾರೆ. ವಿಶಾಲ ಎಂಬ ಅರ್ಥದ ‘ವಾಸ್ಟ್’ ಪದಕ್ಕೂ ಇದಕ್ಕೂ ನಂಟಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನಂಟಿಲ್ಲ. ‘ವಾಸ್ಟ್’ ಲ್ಯಾಟಿನ್ ಮೂಲದ್ದು. ‘ಅವಾಸ್ಟ್’ ಮಾತ್ರ 17ನೇ ಶತಮಾನದಲ್ಲಿ ಡಚ್ಚರ ‘ಹೌ ವಾಸ್ಟ್’ ಎಂಬ ಮಾತು ಸವೆದು ಇಂಗ್ಲಿಷಿಗೆ ಬಂದಿರಬೇಕೆಂಬುದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ. ಸ್ಕಿಪ್ಪರ್, ಡೆಕ್, ಯಾಟ್ ಮುಂತಾದ ಪದಗಳೂ ಡಚ್ಚಿನಿಂದಲೇ ಬಂದವು.

‘ಹೌ ವಾಸ್ಟ್’ ಎಂದರೆ ‘ಗಟ್ಟಿಯಾಗಿ ಹಿಡಿ’ ಎಂದರ್ಥ. ಹಿಡಿಯುವುದು ನಿಲ್ಲಿಸುವುದಾದದ್ದು ಹೇಗೆಂದು ತಿಳಿಯಲು ಹಡಗಿನ ಕೆಲಸವನ್ನೇ ನೋಡಬೇಕು. ಹಾಯಿ ಕಟ್ಟಿದ ಭಾರವಾದ ಅಡ್ಡಮರವನ್ನು ಹತ್ತಾರು ಜನ ಹಗ್ಗ ಜಗ್ಗಿ ಮೇಲೇರಿಸುತ್ತಿರುವಾಗ, ಅದು ತಕ್ಕ ಎತ್ತರ ಮುಟ್ಟಿದೊಡನೆ ಜಗ್ಗುವುದನ್ನು ನಿಲ್ಲಿಸಬೇಕು. ಆದರೆ ಹಗ್ಗವನ್ನು ಬಿಟ್ಟರೆ ಅಡ್ಡಮರ ಧೊಪ್ಪನೆ ಕೆಳಗೆ ಬೀಳುತ್ತದೆ. ಆದ್ದರಿಂದ ‘ಹಿಡಿದೇ ನಿಲ್ಲಿ’ ಎಂಬ ಒಂದೇ ಆಜ್ಞೆಯಲ್ಲಿ ಎರಡೂ ಅಡಗಿರುತ್ತವೆ. ಬರಬರುತ್ತಾ ಹಿಡಿತದ ಅರ್ಥ ಮರೆಯಾಗಿ, ನಿಲುಗಡೆಯ ಅರ್ಥವೊಂದೇ ಉಳಿಯಿತು. ವಿಲಿಯಂ ಫಾಲ್ಕನರ್ 1769ರಲ್ಲಿ ಪ್ರಕಟಿಸಿದ ನೌಕಾ ನಿಘಂಟಿನಲ್ಲಿ ಇದನ್ನು ಯಾವುದೇ ಕೆಲಸವನ್ನು ನಿಲ್ಲಿಸುವ ಆಜ್ಞೆಯೆಂದೇ ವಿವರಿಸಲಾಗಿದೆ.

ಉತ್ತರ 2:
ಇಟಾಲಿಯನ್ನಿನ ‘ಬಾಸ್ತಾ’, ಅಂದರೆ ‘ಸಾಕು’, ಇದರ ಮೂಲವೆಂದು ಹೇಳುವವರೂ ಇದ್ದಾರೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಅರ್ಥವೇನೋ ಸಲೀಸಾಗಿ ಕೂಡುತ್ತದೆ, ಆದರೆ ‘ಬ’ಕಾರ ‘ವ’ಕಾರವಾದದ್ದೇಕೆ, ಮೊದಲಿನ ‘ಅ’ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡಚ್ಚಿನ ಈ ‘ವಾಸ್ಟ್’ ಇಂಗ್ಲಿಷಿನ ‘ಫಾಸ್ಟ್’ ಪದದ ಬಂಧುವೇ? ಹಾಗಿದ್ದರೆ ವೇಗವೆಂಬ ಅರ್ಥ ಇಲ್ಲಿ ಹೊಂದುವುದಿಲ್ಲವಲ್ಲ.

ಉತ್ತರ 1:
ಬಂಧುವೇ ಹೌದು. ‘ಫಾಸ್ಟ್’ ಪದದ ಹಳೆಯ ಅರ್ಥ ‘ಭದ್ರವಾದ’ ಎಂದು. ಒಗೆದರೂ ಬಿಡದ ಬಣ್ಣವನ್ನು ‘ಫಾಸ್ಟ್ ಕಲರ್’ ಎನ್ನುವುದರಲ್ಲಿ ಅದು ಇನ್ನೂ ಉಳಿದಿದೆ. ವೇಗದ ಅರ್ಥ ಆಮೇಲೆ ಸೇರಿಕೊಂಡದ್ದು.

ಉತ್ತರ 3:
ಅನುವಾದಕ್ಕೆ ‘ನಿಲ್ಲಿಸು’ ಎಂಬುದಕ್ಕಿಂತ ‘ತಾಳು’ ಎಂಬುದು ಚೆನ್ನಾಗಿ ಒಪ್ಪುತ್ತದೆಂದು ನನಗನಿಸುತ್ತದೆ. ಹೊರುವುದು, ಧರಿಸುವುದು ಎಂಬ ಅರ್ಥವಿರುವ ಈ ಕ್ರಿಯಾಪದವನ್ನೇ ನಾವು ಯಾರನ್ನಾದರೂ ತಡೆದು ನಿಲ್ಲಿಸಲು ‘ತಾಳು, ತಾಳು!’ ಎಂದು ಕೂಗುತ್ತೇವೆ.