ಜಪಾನ್‌ನ ಬಿಎನ್‌ಸಿಟಿ ರೇಡಿಯೇಷನ್ ಮೆದುಳಿನ ಗಡ್ಡೆಗೆ ಆಗುತ್ತಾ?

ದಾವಣಗೆರೆ ಹುಡುಗ:
ನಮ್ಮ ಮಾವನಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಬೇಗ ಬೆಳೆಯುವ ಮೆದುಳಿನ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಯ್ತು, ಆಮೇಲೆ 30 ಸಲ ಕರೆಂಟ್ (ರೇಡಿಯೇಷನ್) ಕೊಡಿಸಿದೆವು, ಜೊತೆಗೆ ಟೆಮೊಝೊಲೊಮೈಡ್ ಅನ್ನೋ ಕೀಮೋ ಮಾತ್ರೆ. ಎಂಟು ತಿಂಗಳಾದ ಮೇಲೆ ಈಗ ಎಂಆರ್‌ಐನಲ್ಲಿ ಅದೇ ಜಾಗದಲ್ಲಿ ಮತ್ತೆ ಏನೋ ಕಾಣಿಸಿದೆ. ವಾಟ್ಸಾಪ್‌ನಲ್ಲಿ ಯಾರೋ ಜಪಾನ್‌ನ ಬಿಎನ್‌ಸಿಟಿ (ಬೋರಾನ್, ನ್ಯೂಟ್ರಾನ್ ಬಳಸಿ ಕೊಡುವ ರೇಡಿಯೇಷನ್) ವಿಡಿಯೋ ಕಳಿಸಿದ್ದಾರೆ, ಒಂದೇ ಸಿಟ್ಟಿಂಗ್‌ಗೆ ಮುಗಿಯುತ್ತಂತೆ. ಅತ್ತೆ ಸೈಟು ಮಾರಿ ಹೋಗೋಣ ಅಂತಿದ್ದಾರೆ. ಗೊತ್ತಿರುವವರು ಹೇಳಿ.

ಫಿಸಿಕ್ಸ್ ಮೇಷ್ಟ್ರು:
ರೇಡಿಯೇಷನ್ ವಿಭಾಗದಲ್ಲೇ ಕೆಲಸ ನನ್ನದು. ಜಪಾನ್ 2020ರಲ್ಲಿ ಒಪ್ಪಿಗೆ ಕೊಟ್ಟಿದ್ದು 'ಹೆಡ್ ಆಂಡ್ ನೆಕ್' ಕ್ಯಾನ್ಸರಿಗೆ, ಅಂದರೆ ಬಾಯಿ, ಗಂಟಲು, ಆ ಥರದ್ದು. ಹೆಡ್ ಅಂದ ಕೂಡಲೇ ಮೆದುಳು ಅಂದುಕೊಳ್ಳುವವರೇ ಜಾಸ್ತಿ. ಉಪಾಯ ಏನೋ ಚೆನ್ನಾಗಿದೆ: ಬೋರಾನ್-10 ಇರುವ ಔಷಧಿಯನ್ನು ನರಕ್ಕೆ ಕೊಡುತ್ತಾರೆ, ಗಡ್ಡೆಯ ಜೀವಕೋಶ ಅದನ್ನು ಜಾಸ್ತಿ ಎಳೆದುಕೊಳ್ಳುತ್ತೆ, ಮೇಲಿಂದ ನ್ಯೂಟ್ರಾನ್ ಹಾಯಿಸಿದರೆ ಬೋರಾನ್ ಒಡೆದು ಆಲ್ಫಾ ಕಣ ಸಿಡಿಯುತ್ತೆ, ಅದು ಹೋಗುವುದು 10 ಮೈಕ್ರಾನ್‌ಗಿಂತ ಕಡಿಮೆ, ಒಂದು ಜೀವಕೋಶದಷ್ಟು ದೂರ. ಪಕ್ಕದ ಒಳ್ಳೆಯ ಕೋಶ ಉಳಿಯಬೇಕು. ಆದರೆ 1950ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಮೆದುಳಿನ ಗಡ್ಡೆಗೇ ಇದನ್ನು ಮಾಡಿ ಕೈ ಸುಟ್ಟುಕೊಂಡರು. ಬೋರಾನ್ ರಕ್ತದಲ್ಲೇ ಉಳಿದು ರಕ್ತನಾಳ, ನೆತ್ತಿಯ ಚರ್ಮಕ್ಕೆ ಪೆಟ್ಟಾಯ್ತು. ಈಗಿನ ಔಷಧಿ ಎಷ್ಟೋ ವಾಸಿ, ಆದರೂ ಗ್ಲಿಯೋಬ್ಲಾಸ್ಟೋಮಾಗೆ ಅದಿನ್ನೂ ಪ್ರಯೋಗವೇ. ವಿಡಿಯೋ ನೋಡಿ ಸೈಟು ಮಾರಬೇಡಿ.

ನೆಲಮಂಗಲದ ಅಕ್ಕ:
ತಮ್ಮಾ, ಅದು ಗಡ್ಡೆಯೇ ಅಂತ ಖಚಿತವಾಗಿದೆಯಾ? ನಮ್ಮ ಯಜಮಾನರಿಗೂ ಹೀಗೇ 'ಮತ್ತೆ ಬಂದಿದೆ' ಅಂದರು, ಮನೆಯಲ್ಲಿ ಒಲೆ ಹಚ್ಚಲಿಲ್ಲ ಎರಡು ದಿನ. ಇನ್ನೊಂದು ಕಡೆ ತೋರಿಸಿದಾಗ ರೇಡಿಯೇಷನ್‌ನಿಂದ ಸತ್ತ ಅಂಗಾಂಶ ಅಂತ ಗೊತ್ತಾಯ್ತು, ಸ್ಟಿರಾಯ್ಡ್ ಕೊಟ್ಟರು.

ಫಿಸಿಕ್ಸ್ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ, ನಾನೇ ಮೊದಲು ಕೇಳಬೇಕಿತ್ತು. ಅದನ್ನು ರೇಡಿಯೇಷನ್ ನೆಕ್ರೋಸಿಸ್ ಅಂತಾರೆ, ಮಾಮೂಲಿ ಎಂಆರ್‌ಐನಲ್ಲಿ ಥೇಟ್ ಗಡ್ಡೆಯ ಹಾಗೇ ಬೆಳ್ಳಗೆ ಕಾಣುತ್ತೆ. ಪರ್ಫ್ಯೂಷನ್ ಎಂಆರ್‌ಐ (ಆ ಜಾಗದ ರಕ್ತದ ಹರಿವು ತೋರಿಸುವುದು) ಅಥವಾ ಪೆಟ್ ಸ್ಕ್ಯಾನ್‌ನಲ್ಲಿ ಸ್ವಲ್ಪ ತಿಳಿಯುತ್ತೆ, ಕೆಲವು ಸಲ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಬೇಕು. ಗಡ್ಡೆಯೇ ಆಗಿದ್ದರೆ ಎರಡನೇ ಆಪರೇಷನ್, ಎರಡನೇ ಸುತ್ತು ರೇಡಿಯೇಷನ್ ಆಗುತ್ತಾ ಕೇಳಿ. ಪ್ರೋಟಾನ್ (ಪ್ರೋಟಾನ್ ಕಣಗಳಿಂದ ಕೊಡುವ ರೇಡಿಯೇಷನ್) ಬೇಕೆಂದರೂ ಜಪಾನ್ ಯಾಕೆ, ಚೆನ್ನೈನಲ್ಲಿ 2019ರಿಂದಲೇ ಇದೆ. ಆದರೆ ಈ ಗಡ್ಡೆಗೆ ಪ್ರೋಟಾನ್‌ನಿಂದ ಆಯಸ್ಸು ಜಾಸ್ತಿ ಆಗುತ್ತೆ ಅಂತ ಸಾಬೀತಾಗಿಲ್ಲ.

ದಾವಣಗೆರೆ ಹುಡುಗ:
ರಿಪೋರ್ಟ್ ಮತ್ತೆ ಓದಿದೆ, ಪರ್ಫ್ಯೂಷನ್ ಅನ್ನೋ ಪದ ಎಲ್ಲೂ ಇಲ್ಲ. ಸೋಮವಾರ ಡಾಕ್ಟರನ್ನು ಕೇಳುತ್ತೇನೆ. ಸೈಟಿನ ಮಾತು ಅಲ್ಲಿವರೆಗೂ ಬೇಡ ಅಂದಿದ್ದಕ್ಕೆ ಅತ್ತೆ ಸಿಟ್ಟಾಗಿದ್ದಾರೆ, ಊಟಕ್ಕೂ ಕರೆಯಲಿಲ್ಲ.